ಎಂಜಿನ್ ಪ್ಯಾಕಿಂಗಿಗೆ ಸೀಲರ್ ಹಚ್ಚುವ ಕ್ರಮ

ಹೋದ ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ನವಲಗುಂದದ ಕಡೆಯಿಂದ ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಬಂದ ಟ್ರ್ಯಾಕ್ಟರೊಂದರಲ್ಲಿ ಆಯಿಲ್ ಪ್ರೆಶರ್ ದೀಪ ಆರುತ್ತಲೇ ಇರಲಿಲ್ಲ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಾದ ಸಂಪ್ ಬಿಚ್ಚಿ ನೋಡಿದರೆ ಆಯಿಲ್ ಪಂಪಿನ ಜಾಲರಿಯ ಮೇಲೆ ಕೆಂಪು ಸಿಲಿಕೋನಿನ ಎಳೆಗಳು ಶಾವಿಗೆಯಂತೆ ಸುತ್ತಿಕೊಂಡಿದ್ದವು. ಹಿಂದೊಮ್ಮೆ ಸೋರಿಕೆ ನಿಲ್ಲಿಸಲೆಂದು ಯಾರೋ ಸಂದು ಮುಚ್ಚುವ ಅಂಟಾದ ಸೀಲರನ್ನು ಅರ್ಧ ಟ್ಯೂಬ್ ಬಳಿದು ಸಂಪ್ ಕೂರಿಸಿದ್ದರು. ಅಂಚಿನಿಂದ ಒಳಕ್ಕೆ ಹಿಂಡಿಕೊಂಡು ಬಂದ ಹೆಚ್ಚಿನ ಸೀಲರ್ ಗಟ್ಟಿಯಾಗಿ, ಕಳಚಿ ಬಿದ್ದು, ಎಣ್ಣೆಯ ದಾರಿಯನ್ನೇ ಮುಚ್ಚಿತ್ತು. ಬೇರಿಂಗುಗಳು ಸವೆದುಹೋಗಿದ್ದವು, ಆ ರೈತರಿಗೆ ಬಿತ್ತನೆಯ ಹದವೂ ತಪ್ಪಿತು. ಸೀಲರ್ ಎಷ್ಟು ಕಡಿಮೆ ಹಚ್ಚಬೇಕು, ಅದನ್ನು ಹಚ್ಚುವ ಮೊದಲು ಎಷ್ಟು ಕೆಲಸವಿದೆ ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಸೀಲರ್ ಎಲ್ಲ ಪ್ಯಾಕಿಂಗುಗಳಿಗೂ (ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್) ಬೇಕಾಗುವ ವಸ್ತುವಲ್ಲ. ಸಂಪ್, ಟೈಮಿಂಗ್ ಗೇರು ಅಥವಾ ಚೈನನ್ನು ಮುಚ್ಚುವ ಟೈಮಿಂಗ್ ಕವರ್ ಮುಂತಾದ ಕಡೆ, ಕಂಪನಿಯ ಕೈಪಿಡಿ ಹೇಳಿದ್ದರೆ, ಆರ್‌ಟಿವಿ ಸಿಲಿಕೋನ್ (ಸಾಮಾನ್ಯ ಉಷ್ಣಾಂಶದಲ್ಲೇ ಗಟ್ಟಿಯಾಗುವ ಬಗೆ) ಸರಿಯಾಗುತ್ತದೆ. ಗೇರ್ ಬಾಕ್ಸಿನಂತೆ ನಯವಾಗಿ ಮಶೀನ್ ಮಾಡಿದ ಎರಡು ಲೋಹದ ಮುಖಗಳು ನೇರವಾಗಿ ಕೂಡುವ ಕಡೆ, ಗಾಳಿಯಿಲ್ಲದ ಸಂದಿನಲ್ಲಿ ಮಾತ್ರ ಗಟ್ಟಿಯಾಗುವ ಅನೇರೋಬಿಕ್ ಸೀಲರ್ ಉತ್ತಮ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಬರುವ ಸ್ಟೀಲ್ ಪದರಗಳ ಪ್ಯಾಕಿಂಗನ್ನು, ಕೈಪಿಡಿ ಬೇರೆ ಹೇಳದಿದ್ದರೆ, ಸೀಲರ್ ಹಚ್ಚದೆ ಒಣದಾಗಿಯೇ ಕೂರಿಸಬೇಕು. ಪೆಟ್ರೋಲ್ ತಾಗುವ ಕಾರ್ಬುರೇಟರಿನ ಭಾಗಗಳಿಗೆ ಸಿಲಿಕೋನ್ ಹಚ್ಚಬಾರದು, ಏಕೆಂದರೆ ಪೆಟ್ರೋಲಿನಲ್ಲಿ ಅದು ಉಬ್ಬಿ ಮೆತ್ತಗಾಗುತ್ತದೆ. ವಿನೆಗರಿನ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಲೋಹಕ್ಕೂ ಸೆನ್ಸರುಗಳಿಗೂ ಕೇಡು ಮಾಡಬಲ್ಲದು. ಆದ್ದರಿಂದ ಟ್ಯೂಬಿನ ಮೇಲೆ ‘ಸೆನ್ಸರ್ ಸೇಫ್’ ಎಂದು ಬರೆದಿರುವುದನ್ನೇ ಕೊಳ್ಳಬೇಕು. ಬಣ್ಣವೊಂದನ್ನೇ ನಂಬದೆ, ಅದು ತಡೆಯುವ ಉಷ್ಣಾಂಶವನ್ನೂ ಟ್ಯೂಬಿನ ಮೇಲೆ ಓದಿ ನೋಡಿರಿ.

ಈ ಕೆಲಸದ ಮುಕ್ಕಾಲು ಪಾಲು ಶುಚಿ ಮಾಡುವುದರಲ್ಲಿಯೇ ಇದೆ. ಎಣ್ಣೆಯನ್ನು ಪೂರ್ತಿ ಇಳಿಸಿದ ಮೇಲೂ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನ ಅಂಚಿಗೆ ಹನಿ ಜಿನುಗುತ್ತಲೇ ಇರುತ್ತದೆ. ಅವಸರವಿಲ್ಲದಿದ್ದರೆ ರಾತ್ರಿಯಿಡೀ ಹಾಗೆಯೇ ಸೋರಲು ಬಿಡುವುದು ಒಳ್ಳೆಯದು. ಹಳೆಯ ಸೀಲರನ್ನು ಪ್ಲಾಸ್ಟಿಕ್ ಅಥವಾ ಕಟ್ಟಿಗೆಯ ಪಟ್ಟಿಯಿಂದ ಕೆರೆದು ತೆಗೆಯಬೇಕು. ಅಲ್ಯೂಮಿನಿಯಮ್ ಮುಖದ ಮೇಲೆ ಉಳಿ ಅಥವಾ ಗ್ರೈಂಡರ್ ಆಡಿಸಿದರೆ ಬೀಳುವ ಗೀರು, ಮುಂದೆ ಎಣ್ಣೆಗೆ ಕಾಲುವೆಯಾಗುತ್ತದೆ. ಕೆರೆಯುವಾಗ ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆಯನ್ನು ಅಡ್ಡ ಹಿಡಿಯಿರಿ. ತಗಡಿನ ಸಂಪ್ ಆಗಿದ್ದರೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನುದ್ದಕ್ಕೂ ನೋಡಬೇಕು: ಹಿಂದೆ ವಿಪರೀತ ಬಿಗಿದಿದ್ದರೆ ಬೋಲ್ಟಿನ ತೂತುಗಳ ಸುತ್ತ ತಗಡು ಬ್ಲಾಕಿನ ಕಡೆಗೆ ಉಬ್ಬಿರುತ್ತದೆ. ಕಟ್ಟಿಗೆಯ ತುಂಡಿನ ಮೇಲೆ ಅಂಚನ್ನಿಟ್ಟು ಹಗುರವಾಗಿ ಬಡಿದು ಆ ಉಬ್ಬನ್ನು ಸಮ ಮಾಡದಿದ್ದರೆ ಎಂತಹ ಸೀಲರಿನಿಂದಲೂ ಪ್ರಯೋಜನವಿಲ್ಲ. ಕೊನೆಗೆ ಎರಡೂ ಮುಖಗಳನ್ನು ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಒರೆಸುತ್ತಾ ಹೋಗಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಅವು ಆರಲು ಬಿಡಬೇಕು. ಈ ಹಂತದ ನಂತರ ಬೆರಳು ತಾಗಿಸುವುದೂ ತಪ್ಪು. ನಮ್ಮ ಭಾಗದ ಎರೆಮಣ್ಣಿನ ಧೂಳು ಬಯಲಿನ ಗ್ಯಾರೇಜಿನಲ್ಲಿ ಕ್ಷಣಮಾತ್ರದಲ್ಲಿ ಬಂದು ಕೂರುವುದರಿಂದ, ಒರೆಸಿದ ಕೂಡಲೇ ಮುಂದಿನ ಕೆಲಸಕ್ಕೆ ತೊಡಗುವುದು ಲೇಸು.

ಸೀಲರಿನ ಎಳೆ 2ರಿಂದ 3 ಮಿಲಿಮೀಟರ್ ದಪ್ಪವಿದ್ದರೆ ಸಾಕು, ಅಂದರೆ ಜೋಳದ ಕಾಳಿಗಿಂತ ತುಸು ಸಣ್ಣದು. ಟ್ಯೂಬಿನ ಮೂತಿಯನ್ನು ಅಷ್ಟೇ ಅಗಲಕ್ಕೆ ಕತ್ತರಿಸಿಕೊಂಡು, ಒಂದೇ ಮುಖದ ಮೇಲೆ, ಬೋಲ್ಟಿನ ತೂತುಗಳ ಒಳಬದಿಯಿಂದ ಎಲ್ಲಿಯೂ ಕಡಿಯದಂತೆ ಎಳೆ ಬಿಡುತ್ತಾ ಹೋಗಿ ಆರಂಭದ ತುದಿಗೆ ಕೂಡಿಸಬೇಕು. ತಳ ಮುಚ್ಚಿದ ಬೋಲ್ಟಿನ ತೂತಿನಲ್ಲಿ ಸೀಲರ್ ಅಥವಾ ಎಣ್ಣೆ ನಿಂತರೆ, ಬೋಲ್ಟ್ ಬಿಗಿಯುವಾಗ ಅದು ಹೊರಬರಲು ದಾರಿಯಿಲ್ಲದೆ ಬ್ಲಾಕೇ ಬಿರುಕು ಬಿಡುವ ಅಪಾಯವಿದೆ. ಹೆಡ್ಡಿನ ಮೇಲೆ ಕೂರುವ ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗಿಗೆ ಉದ್ದಕ್ಕೂ ಸೀಲರ್ ಹಚ್ಚುವ ರೂಢಿ ಅನೇಕರಲ್ಲಿದೆ, ಆದರೆ ಅದರಿಂದ ರಬ್ಬರ್ ಜಾರಿ ಜಾಗ ತಪ್ಪುತ್ತದೆ. ಟೈಮಿಂಗ್ ಕವರ್ ಮತ್ತು ಹೆಡ್ ಕೂಡುವ ಮೂಲೆಗಳಲ್ಲಿ ಮಾತ್ರ ಒಂದೊಂದು ಚುಕ್ಕೆ ಇಟ್ಟರೆ ಸಾಕಾಗುತ್ತದೆ.

ಎಳೆ ಬಿಟ್ಟ ಮೇಲೆ ಸುಮಾರು 10 ನಿಮಿಷದೊಳಗೆ, ಮೇಲೆ ಕೆನೆಗಟ್ಟುವ ಮೊದಲು, ಸಂಪನ್ನು ಅತ್ತಿತ್ತ ಜರುಗಿಸದೆ ನೇರವಾಗಿ ಕೂರಿಸಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ, ನಂತರ ನಡುವಿನಿಂದ ಹೊರಕ್ಕೆ ಅಡ್ಡಡ್ಡಲಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿತ ಸಾಕು; ಉದ್ದನೆಯ ಪಾನಾ ಹಿಡಿದು ಬಲ ಹಾಕಿದರೆ ಅಲ್ಯೂಮಿನಿಯಮ್ ಥ್ರೆಡ್ ಕಿತ್ತು ಬರುತ್ತದೆ.

ಸಿಲಿಕೋನ್ ಬಣ್ಣದಂತೆ ಬಿಸಿಲಿಗೆ ಆರುವ ವಸ್ತುವಲ್ಲ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಹೀಗಾಗಿ ಧಾರವಾಡದ ಮಳೆಗಾಲದಲ್ಲಿ ಬೇಗ ಕೆನೆಗಟ್ಟುವ ಅದೇ ಟ್ಯೂಬ್, ಗದಗಿನ ಮಾರ್ಚ್–ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ತಡ ಮಾಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡ ಲಾರಿಯ ಚಾಲಕರು ಸಂಜೆಗೇ ಗಾಡಿ ಬೇಕೆಂದು ಕೇಳುವುದು ಸಹಜವೇ, ಆದರೂ 24 ಗಂಟೆ ಬಿಟ್ಟು ಎಣ್ಣೆ ತುಂಬುವುದು ಸುರಕ್ಷಿತ ಎಂದು ಅವರಿಗೆ ಮೊದಲೇ ಹೇಳಿಬಿಡಬೇಕು.

ಎಣ್ಣೆ ತುಂಬಿದ ಮೇಲೆ ಸಂಪಿನ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿರಿ. ಹನಿ ಕಂಡರೆ ಹೊರಗಿನಿಂದ ಸೀಲರ್ ಮೆತ್ತುವುದು ವ್ಯರ್ಥ, ಎಣ್ಣೆಯ ಪಸೆಯ ಮೇಲೆ ಅದು ಹಿಡಿಯುವುದಿಲ್ಲ. ಎಣ್ಣೆಯನ್ನು ಶುದ್ಧ ಪಾತ್ರೆಗೆ ಇಳಿಸಿಕೊಂಡು, ಸಂಪನ್ನು ಮತ್ತೆ ಬಿಚ್ಚಿ, ಕೆರೆಯುವುದರಿಂದಲೇ ಕೆಲಸವನ್ನು ಪುನಃ ಆರಂಭಿಸಬೇಕು.