ಹೊಸ ಆಂಪ್ ತರುವ ಮೊದಲು ಮೀಟರ್ ಹಿಡಿಯಿರಿ: ಮನೆಯ ಹೈ-ಫೈಗೆ ಆಂಪ್ಲಿಫೈಯರ್, ಕಂಪ್ಯೂಟರ್‌ನಿಂದ ಸಂಗೀತ

ಹೊಸ ಆಂಪ್ಲಿಫೈಯರ್ ಕೊಳ್ಳುವವರು ಮೊದಲು ನೋಡುವುದು ವ್ಯಾಟ್. ಈಗಿರುವುದು 40 ವ್ಯಾಟಿನದು, 80 ವ್ಯಾಟಿನದು ತಂದರೆ ಸದ್ದು ಎರಡು ಪಟ್ಟಾದೀತು ಎಂಬ ಲೆಕ್ಕ. ಕಿವಿಯ ಲೆಕ್ಕವೇ ಬೇರೆ. ವ್ಯಾಟ್ ಎರಡು ಪಟ್ಟಾದಾಗ ಸದ್ದು ಏರುವುದು 3 ಡೆಸಿಬೆಲ್. ‘ಸ್ವಲ್ಪ ಜಾಸ್ತಿಯಾಯಿತು’ ಅನ್ನಿಸುತ್ತದೆ, ಅಷ್ಟೆ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. ಹಾಗಾಗಿ ನಿಮ್ಮ ಕೋಣೆಯಲ್ಲಿ, ನಿಮ್ಮ ಸ್ಪೀಕರಿಗೆ, ನೀವು ಕೇಳುವ ಜೋರಿಗೆ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಮೊದಲು ಅಳೆದುಕೊಳ್ಳಿ. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಸಾಕು.

ಎಷ್ಟು ವ್ಯಾಟ್ ಬೇಕು?

ಆಡಾಸಿಟಿ ತಂತ್ರಾಂಶದ ಜನರೇಟ್ ಮೆನುವಿನಲ್ಲಿ ಟೋನ್ ತೆರೆಯಿರಿ. ಸೈನ್ ಅಲೆ, 100 ಹರ್ಟ್ಸ್, ಆಂಪ್ಲಿಟ್ಯೂಡ್ 0.1, ಅವಧಿ 60 ಸೆಕೆಂಡ್ ಎಂದು ಕೊಟ್ಟು 16 ಬಿಟ್ ವೇವ್ ಫೈಲ್ ಮಾಡಿಕೊಳ್ಳಿ. 0.1 ಅಂದರೆ ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗೆ, ವೋಲ್ಟೇಜಿನಲ್ಲಿ ಹತ್ತನೇ ಒಂದು ಪಾಲು. 100 ಹರ್ಟ್ಸೇ ಏಕೆಂದರೆ, ಕಡಿಮೆ ಬೆಲೆಯ ಮೀಟರುಗಳನ್ನು ಮಾಡಿರುವುದೇ ಮನೆಯ ಕರೆಂಟಿನ 50-60 ಹರ್ಟ್ಸ್ ಅಳೆಯಲಿಕ್ಕೆ. ಆವರ್ತನ ಏರಿದಂತೆ ಕೆಲವು ತಪ್ಪು ಲೆಕ್ಕ ತೋರಿಸುತ್ತವೆ.

ಈಗ ನಿಮ್ಮ ಸಂಗ್ರಹದಲ್ಲಿ ಮೆಲ್ಲಗೆ ರೆಕಾರ್ಡ್ ಆಗಿರುವ, ನಾಬನ್ನು ಎಲ್ಲಕ್ಕಿಂತ ಹೆಚ್ಚು ತಿರುಗಿಸಬೇಕಾಗುವ ಹಾಡು ಹಾಕಿ. ‘ಇದಕ್ಕಿಂತ ಜೋರು ಎಂದೂ ಬೇಡ’ ಅನ್ನುವಷ್ಟಕ್ಕೆ ವಾಲ್ಯೂಮ್ ಇಡಿ. ಆಮೇಲೆ ನಾಬನ್ನಾಗಲಿ ಕಂಪ್ಯೂಟರಿನ ವಾಲ್ಯೂಮನ್ನಾಗಲಿ ಮುಟ್ಟಬೇಡಿ. ಪ್ಲೇಯರಿನಲ್ಲಿ ರೀಪ್ಲೇಗೇನ್ (ಹಾಡುಗಳ ಜೋರನ್ನು ತಾನಾಗಿ ಸಮಮಾಡುವ ಸೌಲಭ್ಯ) ಇದ್ದರೆ ಮೊದಲೇ ಆಫ್ ಮಾಡಿರಬೇಕು. ಆಂಪ್ ಆಫ್ ಮಾಡಿ, ಸ್ಪೀಕರ್ ತಂತಿಗಳನ್ನು ಆಂಪಿನಿಂದ ಬಿಚ್ಚಿ, ಮತ್ತೆ ಆನ್ ಮಾಡಿ. ಟೋನ್ ಹಾಕಿ ಒಂದು ಚಾನೆಲಿನ ಕೆಂಪು, ಕಪ್ಪು ಟರ್ಮಿನಲ್‌ಗಳ ನಡುವೆ ಎಸಿ ವೋಲ್ಟ್ ಅಳೆಯಿರಿ. ಎರಡು ಎಚ್ಚರಿಕೆ. ವಾಲ್ವ್ ಆಂಪ್ (ಗಾಜಿನ ನಳಿಕೆಗಳಿರುವುದು) ಆಗಿದ್ದರೆ ಸ್ಪೀಕರ್ ಬಿಚ್ಚಲೇಬಾರದು. ಲೋಡ್ ಇಲ್ಲದೆ ಓಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇನ್ನೊಂದು, ಮೀಟರಿನ ಮುಳ್ಳುಗಳು ಜಾರಿ ಕೆಂಪು ಕಪ್ಪು ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಶಾರ್ಟ್ ಆಗುತ್ತದೆ. ಒಂದು ಮುಳ್ಳಿಗೆ ಮೊಸಳೆ ಕ್ಲಿಪ್ ಹಾಕಿಕೊಂಡರೆ ಕೈ ನಡುಗಿದರೂ ಅಪಾಯ ಕಡಿಮೆ. ಕ್ಲಾಸ್ ಡಿ ಆಂಪಿನಲ್ಲಿ (ಬಹಳ ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಆಂಪ್) ಟೋನ್ ನಿಲ್ಲಿಸಿದ ಮೇಲೂ ಮೀಟರ್ ಏನಾದರೂ ತೋರಿಸುತ್ತಿದ್ದರೆ, ಅದು ಆಂಪಿನ ಸ್ವಿಚಿಂಗ್ ಆವರ್ತನವನ್ನು ಹಿಡಿಯುತ್ತಿದೆ. ಆ ಮೀಟರಿನ ಮಾತು ನಂಬಬೇಡಿ.

ಮೀಟರಿನಲ್ಲಿ 1.1 ವೋಲ್ಟ್ ಬಂತು ಅನ್ನಿ. ಹತ್ತರಿಂದ ಗುಣಿಸಿ: 11 ವೋಲ್ಟ್. ಹಾಡಿನ ತುತ್ತತುದಿ ಡಿಜಿಟಲ್ ಗರಿಷ್ಠ ಮಟ್ಟ ಮುಟ್ಟಿದಾಗ ಆಂಪ್ ಕೊಡಬೇಕಾದ್ದು ಇಷ್ಟು. 11ನ್ನು 11ರಿಂದ ಗುಣಿಸಿ, 8 ಓಮ್ ಸ್ಪೀಕರಿಗೆ 8ರಿಂದ ಭಾಗಿಸಿದರೆ ಸುಮಾರು 15 ವ್ಯಾಟ್. ನಿಮ್ಮ 40 ವ್ಯಾಟಿನ ಆಂಪಿಗೆ ಇನ್ನೂ 4 ಡೆಸಿಬೆಲ್ ಜಾಗ ಉಳಿದಿದೆ. ಹೀಗಿದ್ದಾಗ 80 ವ್ಯಾಟಿನದು ತಂದರೂ ಸಂಗೀತದಲ್ಲಿ ಏನೂ ಬದಲಾಗದು. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆಯಿರಿ, ಅದರಲ್ಲಿ ಕೇಳಿಸುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅದೇ 2 ವೋಲ್ಟ್ ಬಂದರೆ ತುದಿಯಲ್ಲಿ 20 ವೋಲ್ಟ್, ಅಂದರೆ 50 ವ್ಯಾಟ್. 40 ವ್ಯಾಟಿನ ಆಂಪ್ 8 ಓಮಿಗೆ ಕೊಡಬಲ್ಲದ್ದು ಸುಮಾರು 18 ವೋಲ್ಟ್ ಮಾತ್ರ. ಆ ತುದಿಯಲ್ಲಿ ಅದು ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗಿ ಸದ್ದು ಕೆಡುತ್ತದೆ. ಇಲ್ಲಿ 100 ವ್ಯಾಟಿನದು ಕೊಳ್ಳುವುದಕ್ಕೆ ಕಾರಣವಿದೆ.

ಆಂಪಿನ ಮೇಲೆ ಬರೆದ ಅಂಕಿಯನ್ನು ಓದುವುದು

8 ಓಮ್ ಎಂದು ಬರೆದ ಸ್ಪೀಕರ್ ಕೆಲವು ಆವರ್ತನಗಳಲ್ಲಿ 4 ಓಮಿನ ಹತ್ತಿರಕ್ಕೆ ಇಳಿಯುವುದುಂಟು. ಆಗ ಅದೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟ್ ಬೇಕು. ಆದ್ದರಿಂದ ಆಂಪಿನ ವಿವರದಲ್ಲಿ 8 ಮತ್ತು 4 ಓಮ್ ಎರಡರ ವ್ಯಾಟನ್ನೂ ನೋಡಿ. 8ರಲ್ಲಿ 60 ಇದ್ದದ್ದು 4ರಲ್ಲಿ 100ಕ್ಕಿಂತ ಮೇಲೆ ಹೋದರೆ ಪವರ್ ಸಪ್ಲೈ ಗಟ್ಟಿಯಾಗಿದೆ. 70ಕ್ಕೇ ನಿಂತರೆ ಕಷ್ಟದ ಸ್ಪೀಕರಿಗೆ ಅದು ಸಾಲದು.

ಅಡಾಪ್ಟರಿನಿಂದ ಓಡುವ ಅಂಗೈಯಗಲದ ಕ್ಲಾಸ್ ಡಿ ಆಂಪುಗಳ ಮೇಲಿನ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಜತೆಗೆ ಬಂದ ಅಡಾಪ್ಟರ್ ತಿರುಗಿಸಿ ನೋಡಿ. 24 ವೋಲ್ಟ್, 3 ಆಂಪಿಯರ್ ಎಂದಿದ್ದರೆ ಒಟ್ಟು 72 ವ್ಯಾಟ್. ಎರಡೂ ಚಾನೆಲ್ ಸೇರಿ ನಿರಂತರವಾಗಿ ಅಷ್ಟನ್ನು ದಾಟಲಾರದು, ಡಬ್ಬಿಯ ಮೇಲೆ 2×100 ಎಂದು ಬರೆದಿದ್ದರೂ. ವೋಲ್ಟೇಜಿನ ಮಿತಿಯೂ ಇದೆ: 24 ವೋಲ್ಟ್ ಡಿಸಿಯಿಂದ ಬ್ರಿಡ್ಜ್ (ಸ್ಪೀಕರಿನ ಎರಡೂ ತುದಿಗಳನ್ನು ಆಂಪ್ ನಡೆಸುವ) ಔಟ್‌ಪುಟ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 17 ವೋಲ್ಟ್ ಎಸಿ, 8 ಓಮಿಗೆ 36 ವ್ಯಾಟ್. ಆಂಪ್ ತಾಳುವುದಾದರೆ 36 ಅಥವಾ 48 ವೋಲ್ಟಿನ ಅಡಾಪ್ಟರಿಗೆ ಬದಲಿಸುವುದೇ ಒಳ್ಳೆಯ ಅಪ್‌ಗ್ರೇಡ್. ಎಷ್ಟು ವೋಲ್ಟ್ ತಾಳುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಹಾಕಿ.

ಇದೇ ಆಂಪುಗಳಲ್ಲಿ ಇನ್ನೊಂದು ಅಪಾಯವಿದೆ. ಬ್ರಿಡ್ಜ್ ಔಟ್‌ಪುಟ್ಟಿನಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎರಡು ಚಾನೆಲುಗಳ ಕಪ್ಪನ್ನು ಒಟ್ಟಿಗೆ ಸೇರಿಸಿದರೆ, ಅಥವಾ ಸಬ್‌ವೂಫರಿನ ಸ್ಪೀಕರ್-ಮಟ್ಟದ ಇನ್‌ಪುಟ್ಟಿನ ಗ್ರೌಂಡ್ ತಂತಿಯನ್ನು ಕಪ್ಪಿಗೆ ಸಿಕ್ಕಿಸಿದರೆ, ಔಟ್‌ಪುಟ್ ಚಿಪ್ ಸುಡುವ ಸಂಭವವಿದೆ.

ಹಳೆಯ ಅಥವಾ ಯಾರೋ ಬಳಸಿದ ಆಂಪ್ ತಂದಿದ್ದರೆ ಸ್ಪೀಕರ್ ಸಿಕ್ಕಿಸುವ ಮುನ್ನ ಡಿಸಿ ನೋಡಿ. ಏನೂ ನುಡಿಸದೆ ಹತ್ತು ನಿಮಿಷ ಆನ್ ಇಟ್ಟು, ಮೀಟರನ್ನು ಡಿಸಿ ಮಿಲಿವೋಲ್ಟಿಗೆ ತಿರುಗಿಸಿ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ರಿಪೇರಿಗೆ ಕೊಡಿ. ಡಿಸಿ ಇನ್ನೂ ಏರಿದರೆ ವೂಫರಿನ ಸುರುಳಿ ಸುಡುತ್ತದೆ.

ತಂತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ 5 ಮೀಟರ್ ದೂರಕ್ಕೆ, ಹೋಗಿ ಬರುವುದು ಸೇರಿ, 0.07 ಓಮ್ ಅಷ್ಟೆ. ಅದಕ್ಕಿಂತ ದುಬಾರಿ ತಂತಿ ಬೇಡ. ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಸುಲಿದು ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಎಳೆ ಹೊರಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್. ಎಲ್ಲಾ ಸರಿಯಿದ್ದೂ ಬೇಸ್ ತೆಳುವಾಗಿ, ಗಾಯಕರ ದನಿ ನಡುವೆ ನಿಲ್ಲದೆ ಚದುರಿದರೆ ಒಂದು ಬದಿಯ ಕೆಂಪು-ಕಪ್ಪು ಅದಲುಬದಲಾಗಿದೆ.

ಕಂಪ್ಯೂಟರ್: ಹಾಡನ್ನು ಕೆಡಿಸದೆ ಡ್ಯಾಕಿಗೆ ತಲುಪಿಸುವುದು

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪಿಗೆ ತಂತಿ ಎಳೆದಿದ್ದರೆ, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಫೈಲನ್ನು ಆಂಪಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಸಾಧನ) ಹಾಕುವುದು ಮೊದಲ ಕೆಲಸ. ವಿಂಡೋಸ್ 10ರ 2017ರ ಆವೃತ್ತಿಯಿಂದೀಚೆಗೆ ಯುಎಸ್‌ಬಿ ಆಡಿಯೊ ಕ್ಲಾಸ್ 2 ಡ್ಯಾಕುಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ಮ್ಯಾಕ್, ಲಿನಕ್ಸ್‌ಗಳಲ್ಲಿ ಅದಕ್ಕೂ ಮುಂಚಿನಿಂದಲೇ ಬೇಕಿರಲಿಲ್ಲ.

ವಿಂಡೋಸ್ ಸುಮ್ಮನೆ ಬಿಟ್ಟರೆ ಎಲ್ಲ ಸದ್ದನ್ನೂ ಒಂದೇ ಸ್ಯಾಂಪಲ್ ದರಕ್ಕೆ (ಸೆಕೆಂಡಿಗೆ ಸದ್ದಿನ ಎಷ್ಟು ಮಾದರಿಗಳು ಎಂಬ ಲೆಕ್ಕ) ತಿರುಗಿಸಿ, ಬೆರೆಸಿ, ಗರಿಷ್ಠದ ಹತ್ತಿರದ ಶಿಖರಗಳನ್ನು ಲಿಮಿಟರಿನಿಂದ ಅದುಮಿ ಕಳಿಸುತ್ತದೆ. ಇದನ್ನು ದಾಟಲು ಪ್ಲೇಯರಿನ ಔಟ್‌ಪುಟ್ ಪಟ್ಟಿಯಲ್ಲಿ ಡ್ಯಾಕಿನ ಹೆಸರಿನ ಮುಂದೆ ‘ಎಕ್ಸ್‌ಕ್ಲೂಸಿವ್’ ಎಂದಿರುವುದನ್ನು ಆರಿಸಿ. ಫೂಬಾರ್2000ದ ಹೊಸ ಆವೃತ್ತಿಗಳಲ್ಲಿ ಇದು ಒಳಗೇ ಇದೆ. ಮ್ಯಾಕಿನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ಡ್ಯಾಕಿನ ದರವನ್ನು ನೀವು ಹೆಚ್ಚಾಗಿ ಕೇಳುವ ಫೈಲಿನ ದರಕ್ಕೆ ಇಡಿ, ಸಿಡಿಯಿಂದ ತೆಗೆದದ್ದಾದರೆ 44.1 ಕಿಲೋಹರ್ಟ್ಸ್. ಲಿನಕ್ಸಿನ ಎಂಪಿಡಿ ಎಂಬ ಪ್ಲೇಯರಿನಲ್ಲಿ ಸಾಧನದ ಹೆಸರು ‘ಎಚ್‌ಡಬ್ಲ್ಯೂ’ ಎಂದೇ ಶುರುವಾಗಲಿ. ಅದಕ್ಕೆ ಮೊದಲು ‘ಪ್ಲಗ್’ ಸೇರಿದ್ದರೆ ದರ ನಡುವೆಯೇ ಬದಲಾಗಬಹುದು.

ಸರಿಯಾಗಿದೆಯೇ ಎಂದು ಡ್ಯಾಕಿನ ಪರದೆಯೇ ಹೇಳುತ್ತದೆ. ಸಿಡಿ ಫೈಲಿಗೆ 44.1, ಮತ್ತೊಂದಕ್ಕೆ 96 ಎಂದು ಬದಲಾಗುತ್ತಿದ್ದರೆ ಗೆದ್ದಿರಿ. ಏನು ಹಾಕಿದರೂ 48 ಎಂದೇ ನಿಂತಿದ್ದರೆ ದಾರಿಯಲ್ಲಿ ಯಾರೋ ಕೈ ಹಾಕುತ್ತಿದ್ದಾರೆ. ದರ ಬದಲಾದದ್ದು ಕಿವಿಗೆ ಗೊತ್ತಾಗುವುದು ಅಪರೂಪ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಎಕ್ಸ್‌ಕ್ಲೂಸಿವ್‌ನ ದೊಡ್ಡ ಉಪಯೋಗ ಬೇರೆ: ರಾತ್ರಿ ಆಲಾಪದ ನಡುವೆ ಮಿಂಚಂಚೆಯ ‘ಟಿಣ್’ ಸ್ಪೀಕರಿನಿಂದ ಹೊಡೆಯುವುದಿಲ್ಲ.

ವಾಲ್ಯೂಮ್ ಎಲ್ಲಿ ತಗ್ಗಿಸಬೇಕು? ಆಂಪಿನಲ್ಲಿ ನಾಬ್ ಇದ್ದರೆ ಕಂಪ್ಯೂಟರಿನಲ್ಲಿ 100 ಇಟ್ಟು ಆಂಪಿನಲ್ಲೇ ತಿರುಗಿಸಿ. ನಾಬ್ ಇಲ್ಲದ ಪವರ್ ಆಂಪಿಗೆ ಡ್ಯಾಕನ್ನು ನೇರ ಕೊಟ್ಟಿದ್ದರೆ, ನಾಬ್ ಇರುವ ಡ್ಯಾಕೇ ಬೇಕು. ತಂತ್ರಾಂಶದ ವಾಲ್ಯೂಮನ್ನೇ ನೆಚ್ಚಿದರೆ, ಅದು ಒಮ್ಮೆ ತಾನಾಗಿ 100ಕ್ಕೆ ಹಾರಿದ ದಿನ ಟ್ವೀಟರ್ ಹೋಗುತ್ತದೆ. ಲೆಕ್ಕ ಹೀಗಿದೆ: ಡ್ಯಾಕ್ 2 ವೋಲ್ಟ್ ಕೊಡುತ್ತದೆ, 29 ಡೆಸಿಬೆಲ್ ಗೇನ್ (ವೋಲ್ಟೇಜನ್ನು ಹೆಚ್ಚಿಸುವ ಪ್ರಮಾಣ) ಇರುವ ಪವರ್ ಆಂಪ್ ಅದನ್ನು 28 ಪಟ್ಟು ಮಾಡುತ್ತದೆ. 56 ವೋಲ್ಟ್! 8 ಓಮಿಗೆ ಸುಮಾರು 390 ವ್ಯಾಟ್ ಕೇಳಿದಂತೆ. ನಾಬ್ ಕಾಲು ಸುತ್ತು ತಿರುಗುವುದರೊಳಗೆ ಮನೆ ನಡುಗುತ್ತಿದ್ದರೆ, ಸ್ಪೀಕರಿಗೆ ಕಿವಿ ಕೊಟ್ಟಾಗ ‘ಸ್‌ಸ್’ ಕೇಳುತ್ತಿದ್ದರೆ, ಗೇನ್ ಹೆಚ್ಚಾಗಿದೆ ಎಂದರ್ಥ. ಗೇನ್ ಸ್ವಿಚ್ ಇದ್ದರೆ ತಗ್ಗಿಸಿ, ಇಲ್ಲದಿದ್ದರೆ ಡ್ಯಾಕ್ ಮತ್ತು ಆಂಪ್ ನಡುವೆ ಸಿಗ್ನಲ್ ತಗ್ಗಿಸುವ 10 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ.

ಗುಂಯ್ ಎನ್ನುವ ಸದ್ದು

ಕಂಪ್ಯೂಟರ್ ಸಿಕ್ಕಿಸಿದ ಕೂಡಲೇ ಗುಂಯ್ ಎಂದರೆ, ಅಥವಾ ಮೌಸ್ ಅಲ್ಲಾಡಿಸಿದಾಗ ಟ್ವೀಟರಿನಲ್ಲಿ ಚಿರ್‌ಚಿರ್ ಎಂದರೆ, ಗ್ರೌಂಡ್ ಲೂಪ್. ಲ್ಯಾಪ್‌ಟಾಪಿನ ಮೂರು ಪಿನ್ನಿನ ಅಡಾಪ್ಟರಿಗೂ ಆಂಪಿನ ಮೂರು ಪಿನ್ನಿಗೂ ಅರ್ತ್ ಇರುತ್ತದೆ. ಯುಎಸ್‌ಬಿ ಮತ್ತು ಆರ್‌ಸಿಎ ತಂತಿಗಳ ಕವಚದ ಮೂಲಕ ಸುತ್ತು ಪೂರ್ತಿಯಾಗಿ ಅದರಲ್ಲಿ ಕರೆಂಟ್ ಹರಿಯುತ್ತದೆ. ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ರೋಗ ಗೊತ್ತಾಯಿತು. ಮೊದಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಯುಎಸ್‌ಬಿ ಐಸೊಲೇಟರ್ ಹಾಕಿ, ಅಥವಾ ಕಂಪ್ಯೂಟರಿನಲ್ಲಿ ಆಪ್ಟಿಕಲ್ ಔಟ್ ಇದ್ದರೆ ಅದನ್ನು ಬಳಸಿ. ಬೆಳಕಿನ ತಂತಿಯಲ್ಲಿ ಕರೆಂಟ್ ಹರಿಯದು, 96 ಕಿಲೋಹರ್ಟ್ಸ್‌ವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅರ್ತ್ ಪಿನ್ನನ್ನು ಮುರಿಯುವುದಾಗಲಿ ಟೇಪ್ ಸುತ್ತುವುದಾಗಲಿ ಎಂದಿಗೂ ಮಾಡಬೇಡಿ. ಆಂಪಿನೊಳಗೆ ಒಂದು ತಂತಿ ಬಿಚ್ಚಿಕೊಂಡ ದಿನ ಅದರ ಲೋಹದ ಮೈಯಲ್ಲೇ ಕರೆಂಟ್ ನಿಂತಿರುತ್ತದೆ, ನಿಮ್ಮನ್ನು ಉಳಿಸುವುದು ಆ ಪಿನ್ನೇ.

ಹಾಡು ನಡುನಡುವೆ ಟಪ್ ಎಂದು ಕಡಿಯುತ್ತಿದ್ದರೆ ಪ್ಲೇಯರಿನ ಬಫರ್ ಹೆಚ್ಚಿಸಿ, ವಿಂಡೋಸ್ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಡ್ಯಾಕನ್ನು ಹಬ್ಬಿನಿಂದ ಬಿಡಿಸಿ ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ.

ಹಳೆಯದು, ಹೊಸದು ಹೋಲಿಸುವಾಗ

ಎರಡು ಆಂಪುಗಳಲ್ಲಿ ಯಾವುದು ಒಂಚೂರು ಜೋರಾಗಿದೆಯೋ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಅರ್ಧ ಡೆಸಿಬೆಲ್ ವ್ಯತ್ಯಾಸ ಜೋರಾಗಿ ಕೇಳಿಸದು, ‘ಹೆಚ್ಚು ಸ್ಪಷ್ಟ’ ಎಂದು ಕೇಳಿಸುತ್ತದೆ. ಆದ್ದರಿಂದ ಅದೇ ಟೋನ್ ಹಾಕಿ, ಈ ಸಲ ಸ್ಪೀಕರ್ ಸಿಕ್ಕಿಸಿಕೊಂಡು, ವಾಲ್ಯೂಮ್ ತಗ್ಗಿಸಿ ಹಳೆಯ ಆಂಪಿನ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಬರೆದುಕೊಳ್ಳಿ. ಹೊಸದನ್ನು ಹಾಕಿ ಅದೇ ಅಂಕಿಗೆ ತನ್ನಿ. 0.500 ವೋಲ್ಟ್ ಇದ್ದದ್ದು 0.495ರಿಂದ 0.505ರೊಳಗೆ ಬಂದರೆ ವ್ಯತ್ಯಾಸ 0.1 ಡೆಸಿಬೆಲ್ಲಿಗಿಂತ ಕಡಿಮೆ. ತಂತಿ ಬದಲಿಸುವ ಕೆಲಸ ಮನೆಯ ಇನ್ನೊಬ್ಬರು ಮಾಡಲಿ. ಈಗ ನುಡಿಯುತ್ತಿರುವುದು ಯಾವುದು ಎಂದು ನಿಮಗೆ ಹೇಳದಿರಲಿ. ಹತ್ತು ಸಲ ಬದಲಿಸಿ, ಒಂಬತ್ತು ಸಲವಾದರೂ ಸರಿಯಾಗಿ ಗುರುತಿಸಿದರೆ ಹೊಸ ಆಂಪ್ ಇಟ್ಟುಕೊಳ್ಳಿ. ಐದಾರಕ್ಕೇ ನಿಂತರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಪ್ಯಾಕ್ ಮಾಡಿ.