ಆಶಾ ಕಾರ್ಯಕರ್ತೆಯರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸುವ ಬಗೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ತರಬೇತಿ ಏರ್ಪಡಿಸುವವರು ಶೇಂಗಾ ಕೀಳುವ ದಿನಗಳನ್ನು ಬಿಟ್ಟು ದಿನಾಂಕ ಗೊತ್ತುಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಅರ್ಧ ಕುರ್ಚಿಗಳು ಖಾಲಿ ಉಳಿಯುತ್ತವೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಮನೆಯಲ್ಲಾದರೆ ಇವುಗಳ ಜೊತೆಗೆ ಮೊದಲ ದಿನವೂ ಭೇಟಿ ಕೊಡಬೇಕೆಂಬುದನ್ನು ಬಾಯಿಪಾಠ ಮಾಡಿಸುವುದು ಸುಲಭ. ಕೈಗೆ ಅಭ್ಯಾಸವಾಗಬೇಕಾದದ್ದು ಉಸಿರೆಣಿಕೆ. ಕೂಸು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಉಬ್ಬಿ ಇಳಿದರೆ ಒಂದು ಉಸಿರೆಂದು ಪೂರ್ತಿ 1 ನಿಮಿಷ ಎಣಿಸಲು ಹೇಳಿಕೊಡಿ. ನವಜಾತ ಶಿಶುವಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲವಾದ್ದರಿಂದ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ಚಾಳಿಯನ್ನು ಮೊದಲ ದಿನವೇ ಬಿಡಿಸಬೇಕು. ಎಣಿಕೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಲಿ. ಆಗಲೂ ಅಷ್ಟೇ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಕೂಸನ್ನು ಆಸ್ಪತ್ರೆಗೆ ಕಳುಹಿಸಲಿ. ಕೂಸು ಹಾಲು ಕುಡಿಯುವುದನ್ನು ಬಿಟ್ಟಿದ್ದರಂತೂ ಎಣಿಸುತ್ತ ಕೂರುವ ಅಗತ್ಯವೇ ಇಲ್ಲ.

ಸೂತಕದ ಕಾರಣಕ್ಕೆ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಉಳಿದಿದೆ. ಅಲ್ಲಿ ವಾದಕ್ಕಿಳಿದರೆ ಮುಂದಿನ ಭೇಟಿಗೆ ಬಾಗಿಲು ಮುಚ್ಚಬಹುದು. "ಅಜ್ಜಿ, ಕೂಸಿನ ಪಾದ ಮುಟ್ಟಿ ನೋಡ್ರಿ, ಎಷ್ಟು ತಣ್ಣಗಾಗೈತಿ" ಎಂದು ಹಿರಿಯಳ ಕೈಯಿಂದಲೇ ಮುಟ್ಟಿಸಿ, ಕೂಸನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗೆ ಹೊದಿಸುವಂತೆ, ತಾಯಿ ಕೂಸು ಇಬ್ಬರನ್ನೂ ಮನೆಯೊಳಗೆ ಕರೆಸಿಕೊಳ್ಳುವಂತೆ ಒಪ್ಪಿಸುವ ಮಾತುಗಾರಿಕೆಯನ್ನು ತರಬೇತಿಯಲ್ಲಿಯೇ ಆಡಿಸಿ ನೋಡಬೇಕು.

ಮೊದಲ ಎರಡು ಮೂರು ಭೇಟಿಗಳಿಗೆ ತರಬೇತುದಾರರೂ ಜೊತೆಗೆ ಹೋಗಲಿ. ಆದರೆ ತಪ್ಪನ್ನು ಮನೆಯವರ ಎದುರಿಗೆ ತಿದ್ದದೆ, ದಾರಿಯಲ್ಲಿ ಬರುವಾಗ ತಿಳಿಸಲಿ.