ಬಸಳೆ ಬೇಯಿಸಿದ ನೀರು ತೆಂಗಿನ ಬುಡಕ್ಕಲ್ಲ

ಉಡುಪಿಯ ನೆಂಟರ ಮನೆಯೊಂದರಲ್ಲಿ ಅತ್ತಿಗೆ ಕೆಂಪು ಹರಿವೆ ಬೇಯಿಸಿ, ಪಾತ್ರೆಗೆ ತಟ್ಟೆ ಅಡ್ಡ ಹಿಡಿದು, ಕೆಂಪನೆಯ ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಗ್ಗಿಸಿದರು. ಬಗ್ಗಿಸುತ್ತಲೇ, "ನನಗೆ ಫೋಲೇಟ್ ಕಡಿಮೆ ಇದೆಯಂತೆ ಮಾರಾಯ್ರೆ, ದಿನಾ ಸೊಪ್ಪು ತಿನ್ನಬೇಕಂತೆ" ಎಂದರು. ಹರಿವೆಯ ಬಣ್ಣದಂತೆ ಫೋಲೇಟೂ ನೀರಿನಲ್ಲಿ ಕರಗುವಂಥದು. ಅಂದು ಅದರ ಒಳ್ಳೆಯ ಪಾಲು ತೆಂಗಿಗೆ ಹೋಯಿತು.

ಫೋಲೇಟ್ ಅಂದರೆ ಬಿ9 ಜೀವಸತ್ವ. ಹೊಸ ರಕ್ತಕಣ ಹುಟ್ಟಲು ಇದು ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 300, ಹೆಂಗಸರಿಗೆ 220, ಗರ್ಭಿಣಿಯರಿಗೆ 570 ಮೈಕ್ರೋಗ್ರಾಂ. ನಮ್ಮ ಕರಾವಳಿಯ ಅಡುಗೆಯಲ್ಲಿ ಇದನ್ನು ಹೊಂದಿಸುವುದು ಕಷ್ಟವೇನಲ್ಲ, ಒಲೆಯ ಮುಂದೆ ಸ್ವಲ್ಪ ಎಚ್ಚರ ಬೇಕು, ಅಷ್ಟೆ.

1. ಬಾಡದ ಸೊಪ್ಪು ತನ್ನಿ, ಎರಡು ದಿನದೊಳಗೆ ಮುಗಿಸಿ. ಹಿತ್ತಿಲಲ್ಲಿ ಬಸಳೆ ಚಪ್ಪರವಿದ್ದರೆ ಈ ಸಾಲನ್ನು ಓದಬೇಕಾಗಿಲ್ಲ.

2. ತೊಳೆದ ಮೇಲೆ ಹೆಚ್ಚಿ. ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಬೇಡಿ.

3. ಬೇಯಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಸಳೆಯ ದಂಟು ಮೆತ್ತಗಾಗಲು ಹೊತ್ತು ಬೇಕು, ಎಲೆಗೆ ಮೂರ್ನಾಲ್ಕು ನಿಮಿಷ ಸಾಕು. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ತುರುಕಿ ಮೂರು ಸೀಟಿ ಹೊಡೆಸಿದರೆ ಎಲೆ ಲೋಳೆಯಾಗುತ್ತದೆ, ಫೋಲೇಟ್ ಕಾವಿಗೆ ನಶಿಸುತ್ತದೆ. ನಾನು ಮಾಡುವುದು ಹೀಗೆ: ಹಿಂದಿನ ರಾತ್ರಿ ನೆನೆಸಿದ ಅಲಸಂಡೆ ಬೀಜವನ್ನು ಮೊದಲು ಬೇಯಿಸುತ್ತೇನೆ. ಬೆಂದ ಬೀಜದ 100 ಗ್ರಾಂನಲ್ಲೇ ಸುಮಾರು 200 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ, ಹಾಗಾಗಿ ಅದನ್ನು ಬಿಟ್ಟು ಬಸಳೆ ಗಸಿ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಬೀಜ ಬೆಂದ ನೀರಿಗೇ ಬೆರಳುದ್ದದ ದಂಟಿನ ತುಂಡುಗಳನ್ನು ಹಾಕಿ ಮುಚ್ಚುತ್ತೇನೆ. ಉಗುರು ಒತ್ತಿದರೆ ದಂಟಿನೊಳಗೆ ಇಳಿಯಬೇಕು. ಅಲ್ಲಿಯವರೆಗೆ ಹುಣಸೆಹುಳಿ ಬೇಡ, ಹುಳಿ ಬಿದ್ದರೆ ದಂಟು ಬೇಯದೆ ಹಟ ಹಿಡಿಯುತ್ತದೆ. ಆಮೇಲೆ ತೆಂಗಿನಕಾಯಿ ಅರೆದ ಮಸಾಲೆ, ಹುಳಿ, ಉಪ್ಪು. ಗಸಿ ಚೆನ್ನಾಗಿ ಕುದಿಯತೊಡಗಿದಾಗ ಎಲೆ ಹಾಕಿ, ಸೌಟಿನಿಂದ ಮುಳುಗಿಸಿ, ಅದು ಬಾಡಿ ಬಣ್ಣ ಗಾಢವಾದ ಕೂಡಲೇ ಒಲೆ ಆರಿಸಿ. ನೀರಿಗೆ ಇಳಿದ ಫೋಲೇಟ್ ಗಸಿಯಲ್ಲೇ ಉಳಿದು ಅನ್ನಕ್ಕೆ ಬರುತ್ತದೆ. ಘಟ್ಟದ ಮೇಲಿನವರು ಸೊಪ್ಪು ಬಸಿದ ನೀರಿನಲ್ಲಿ ಬಸ್ಸಾರು ಮಾಡುತ್ತಾರೆ. ಅವರ ಲೆಕ್ಕಾಚಾರವೂ ಸರಿಯಾದದ್ದೇ.

ದಂಟು ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಫೋಲೇಟನ್ನು ಕಾಯುವ ವಿಟಮಿನ್ ಸಿ ಅದರಿಂದ ಹಾಳಾಗುತ್ತದೆ, ರುಚಿಯೂ ಕೆಡುತ್ತದೆ. ಇನ್ನು ಡಬ್ಬಿಯಲ್ಲಿ ಬರುವ ಸೊಪ್ಪಿನ ಪುಡಿ. ಅದರ ಬೆಲೆಗೆ ಮಾರುಕಟ್ಟೆಯಲ್ಲಿ ಒಂದು ಚೀಲ ಹರಿವೆ ಬರುತ್ತದೆ.

4. ಬೇಯಿಸಲು ಬೇಸರವಿದ್ದ ದಿನ ತಂಬುಳಿ. ಒಂದೆಲಗವನ್ನು ಹಸಿಯಾಗಿಯೇ ಕಾಯಿ, ಜೀರಿಗೆ, ಕಾಳುಮೆಣಸಿನೊಂದಿಗೆ ಅರೆದು ಮಜ್ಜಿಗೆ ಬೆರೆಸಿ. ಸೋಸಬೇಡಿ. ಜೊತೆಗೆ ಮೊಳಕೆ ಬರಿಸಿದ ಹೆಸರಿನ ಕೋಸಂಬರಿ ಇದ್ದರೆ ಇನ್ನೂ ಒಳ್ಳೆಯದು.

5. ಹಣ್ಣು. ಮಾವು, ಪಪ್ಪಾಯಿ 100 ಗ್ರಾಂಗೆ 40 ಮೈಕ್ರೋಗ್ರಾಂ ಆಸುಪಾಸು ಫೋಲೇಟ್ ಕೊಡುತ್ತವೆ, ಬಾಳೆಹಣ್ಣು ಅದರ ಅರ್ಧ. ಹೆಚ್ಚಿಕೊಂಡು ತಿನ್ನಿ. ಗರ್ಭಿಣಿಯರು ಕಾಯಿ ಪಪ್ಪಾಯಿಯ ತಂಟೆಗೆ ಹೋಗದಿರುವುದು ಒಳ್ಳೆಯದು.

ಮಗು ಬೇಕೆಂದು ಯೋಚಿಸುತ್ತಿರುವವರು ಮಾತ್ರ ಬಸಳೆಯೊಂದನ್ನೇ ನಂಬಿ ಕೂರಬಾರದು. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಗರ್ಭಧಾರಣೆಗೆ ಮುಂಚಿನಿಂದ 12ನೇ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಹೇಳುತ್ತದೆ. ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

6. ಉಳಿದ ಗಸಿ. ಬಸಳೆಗೆ ಮರುದಿನವೇ ರುಚಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇಡೀ ಪಾತ್ರೆಯನ್ನು ಹೊತ್ತುಹೊತ್ತಿಗೂ ಕುದಿಸಬೇಡಿ. ಫ್ರಿಜ್‌ನಲ್ಲಿಟ್ಟು, ಆ ಹೊತ್ತಿನ ಊಟಕ್ಕೆ ಬೇಕಾದ ಎರಡು ಸೌಟನ್ನಷ್ಟೇ ತೆಗೆದು ಚೆನ್ನಾಗಿ ಬಿಸಿ ಮಾಡಿ.